ಒಳಗೆ ಹೋದ ಹೆಜ್ಜೆ

ಡಿಸೆಂಬರ್ 7, 2025, ಭಾನುವಾರ
ಸಕಲೇಶಪುರ

ನಮ್ಮ ಕಾಫಿ ತೋಟದ ಕೆರೆ ಪಕ್ಕದ ದಾರಿಯಲ್ಲಿ ಬೆಳಿಗ್ಗೆ ಆನೆ ಹೆಜ್ಜೆ ಕಂಡಿತು. ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ.

"ಆನೆ ಅಂತ ಹೇಳೋಕೆ ನಾನು ಬೇಕೇನೋ? ಯಾವಾಗ ಹೋಗಿದ್ದು ಹೇಳು."

ನನಗೇನು ಗೊತ್ತು. ಅವರು ಕೋಲಿನಿಂದ ಸಿಲ್ವರ್ ಮರದ ಕೆಳಗಿನ ಧೂಳು ತೋರಿಸಿದರು. ರಾತ್ರಿಯ ಇಬ್ಬನಿ ಎಲೆಯಿಂದ ತೊಟ್ಟಿಕ್ಕಿ ಧೂಳಿನ ತುಂಬ ಚಿಕ್ಕ ಚಿಕ್ಕ ಗುಳಿ. ಹೆಜ್ಜೆಯ ಒಳಗೆ ಮಾತ್ರ ಒಂದೂ ಇಲ್ಲ, ನುಣ್ಣಗಿದೆ. ಅಂದರೆ ಇಬ್ಬನಿ ಉದುರಿ ಮುಗಿದ ಮೇಲೆ ತುಳಿದದ್ದು. ನಾನು ಕಾಫಿ ಕುಡೀತಾ ಕೂತಿದ್ದ ಹೊತ್ತು!

ಸ್ವಲ್ಪ ಮುಂದೆ ಇನ್ನೊಂದು ಸಾಲು. ಅದರ ಮೇಲೆ ಗುಳಿಗಳಿವೆ, ಅಂಚು ಉದುರಿದೆ, ಹುಳ ಹರಿದ ಗೆರೆಯೂ ಇದೆ. "ಇದು ನಿನ್ನೆದು, ಬಿಡು" ಅಂದರು. ಟವೆಲ್ಲನ್ನು ದುಂಡಗಿನ ಮುಂಗಾಲ ಹೆಜ್ಜೆಯ ಸುತ್ತ ಇಟ್ಟು ಅಳೆದರು. ಆ ಸುತ್ತಳತೆಯ ಎರಡರಷ್ಟು ಭುಜದ ಎತ್ತರ ಅನ್ನೋದು ಹಳೇ ಲೆಕ್ಕ. ಎಂಟು ಅಡಿ ಮೇಲೆ ಬಂತು. ಜೊತೆಗೆ ಬೇರೆ ಹೆಜ್ಜೆ ಇಲ್ಲ. ಒಂಟಿ ಸಲಗವೇ ಇರಬೇಕು. ರೇಡಿಯೋ ಕಾಲರ್ ಹಾಕಿದ ಆನೆ ಆದ್ರೆ ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಬರುತ್ತೆ. ಇದರ ಬಗ್ಗೆ ಏನೂ ಬಂದಿಲ್ಲ.

ದೊಡ್ಡಪ್ಪ ಹುಡುಗನಾಗಿದ್ದಾಗ ಹಂದಿ ಬೇಟೆಗೆ ಜಾಡು ನೋಡಲು ಹೋಗುತ್ತಿದ್ದರಂತೆ. ಬೆಳಕು ಹರಿಯುತ್ತಲೇ ಹಳುವಿನ, ಅಂದರೆ ದಟ್ಟ ಪೊದೆಗಳ, ಸುತ್ತ ಒಂದು ಸುತ್ತು ನಡೆಯುವುದು. ಹಂದಿ ಹೆಜ್ಜೆಯಾದರೆ ಗೊರಸಿನ ಹಿಂದೆ ಎರಡು ಪುಟ್ಟ ಉಗುರು ಮೂಡುತ್ತೆ. ಕಡವೆಗೆ ತೀರಾ ಮೆತ್ತಗಿನ ನೆಲದಲ್ಲಿ ಬಿಟ್ಟರೆ ಅದು ಕಾಣೋದು ಅಪರೂಪ. ಒಳಗೆ ಹೋದ ಹೆಜ್ಜೆ ಹೊಸದಾಗಿದ್ದು, ಹೊರಗೆ ಬಂದದ್ದು ಎಲ್ಲೂ ಇಲ್ಲದಿದ್ದರೆ ಹಂದಿ ಅಲ್ಲೇ ಮಲಗಿದೆ ಅಂತ ಅರ್ಥ. ಆಮೇಲೇ ಕೋವಿಯವರು ಬರುತ್ತಿದ್ದದ್ದು. ಹಳೇ ಹೆಜ್ಜೆ ನಂಬಿ ಕರೆಸಿದರೆ ಸಂಜೆವರೆಗೂ ಬೈಗುಳ. 1972ರಲ್ಲಿ ವನ್ಯಜೀವಿ ಕಾನೂನು ಬಂತು. ಆಮೇಲೂ ಹೋಗುತ್ತಿದ್ರಾ ಅಂತ ನಾನು ಕೇಳಿಲ್ಲ. ಅವರೂ ಹೇಳಿಲ್ಲ. ಮಾತಿನ ನಡುವೆ 'ಎಪ್ಪತ್ತೆಂಟರಲ್ಲಿ' ಅಂತ ಬಾಯಿಗೆ ಬಂದಾಗ ಮಾತ್ರ ಕೆಮ್ಮು ಶುರುವಾಗುತ್ತೆ!

ಇವತ್ತೂ ಅದೇ ಕೆಲಸ ಮಾಡಿದೆವು. ಕೆಳಗಿನ ಬ್ಲಾಕಿನ ಬೇಲಿ ಸುತ್ತ ನಡೆದೆವು. ಮೂಲೆಗಳಲ್ಲೆಲ್ಲ ನಿಂತು ನೋಡಿದರು. ಒಳಗೆ ಹೋದದ್ದು ಸ್ಪಷ್ಟ. ಹೊರಗೆ ಬಂದದ್ದು ಸಿಗಲಿಲ್ಲ. ಆದರೆ ಹಳ್ಳದ ಕಡೆ ಪೂರ್ತಿ ಬಂಡೆ, ಅಲ್ಲಿ ಹೆಜ್ಜೆ ಮೂಡೋದೇ ಇಲ್ಲ.

"ಹೋಗಿದ್ರೂ ಹೋಗಿರಬಹುದು" ಅಂದೆ.

"ಹಂದಿ ಆಗಿದ್ರೆ ನಾನೂ ಹಾಗೇ ಅಂತಿದ್ದೆ" ಅಂದರು.

ಕೆಳಗಿನ ಬ್ಲಾಕಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗಿ ಉದುರುತ್ತಿದೆ. ಆಳು ಸಿಗೋದೇ ಕಷ್ಟ, ಈ ವಾರ ಬಿಟ್ಟರೆ ಪಕ್ಕದ ತೋಟದವರು ಕರ್ಕೊಂಡು ಹೋಗ್ತಾರೆ. ಮೇಸ್ತ್ರಿ ಆಗಲೇ ಫೋನ್ ಮೇಲೆ ಫೋನ್. ಮೇಲಿನ ಬ್ಲಾಕಿಗೆ ಕಳಿಸಬಹುದು, ಆದರೆ ಅಲ್ಲಿ ಇನ್ನೂ ಅರ್ಧ ಕಾಯಿ. ಬೆಳಿಗ್ಗೆ ಬೇಗ ಎದ್ದು ಹಳ್ಳದ ಆಚೆ ದಡ ನೋಡಿದರೆ, ಅಲ್ಲಿ ಮಣ್ಣಿದೆಯಲ್ಲ,