ಒದ್ದ ಮೇಲೆ ಕಾಲು ಎಲ್ಲಿ ಇಳಿಯುತ್ತದೆ?

2011ರ ಜುಲೈ. ಶಿವಮೊಗ್ಗದಲ್ಲಿ ಬಿಟ್ಟೂಬಿಡದೆ ಮಳೆ. ರಾತ್ರಿ ಒಂಬತ್ತರ ಬಸ್ಸಿಳಿದು ಮನೆಗೆ ನಡೆದು ಹೋಗುತ್ತಿದ್ದೆ. ಮೈಮೇಲೆ ಚೂಡಿದಾರ್, ಕಾಲಿಗೆ ರಬ್ಬರ್ ಚಪ್ಪಲಿ, ಒಂದು ಕೈಯಲ್ಲಿ ಛತ್ರಿ, ಹೆಗಲಿಗೆ ಬ್ಯಾಗು. ಹಿಂದಿನಿಂದ ಬಂದ ಒಬ್ಬ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದ. ಆಗ ನನಗೆ ಇಪ್ಪತ್ತಾರು ವರ್ಷ. ಹದಿನಾಲ್ಕು ವರ್ಷ ಟೇಕ್ವಾಂಡೋ ಅನ್ನುವ ಕೊರಿಯಾದ ಸಮರಕಲೆ ಮಾಡಿದ್ದೆ, ಬ್ಲ್ಯಾಕ್ ಬೆಲ್ಟ್ ಆಗಿತ್ತು. ತಿರುಗಿದವಳೇ ಯೋಚನೆ ಮಾಡಲಿಲ್ಲ, ಕಾಲು ತಾನಾಗಿ ಅವನ ತಲೆಯ ಕಡೆ ಎದ್ದಿತು. ಡೋಲ್ಯೋ ಚಾಗಿ, ಅಂದರೆ ಪಕ್ಕದಿಂದ ಬೀಸಿ ಹೊಡೆಯುವ ಒದೆ. ಪಂದ್ಯಗಳಲ್ಲಿ ನನಗೆ ಅತಿ ಹೆಚ್ಚು ಪಾಯಿಂಟ್ ತಂದುಕೊಟ್ಟದ್ದು ಅದೇ.

ಅವನಿಗೆ ಅದು ತಾಗಲೇ ಇಲ್ಲ. ನೆನೆದ ಪ್ಯಾಂಟು ತೊಡೆಯ ಹತ್ತಿರ ಬಿಗಿಹಿಡಿಯಿತು, ನಿಂತಿದ್ದ ಕಾಲಿನ ಚಪ್ಪಲಿ ಕೆಸರಲ್ಲಿ ಜಾರಿತು, ಬೆನ್ನು ಅಡಿಯಾಗಿ ಬಿದ್ದೆ. ಅವನು ಬ್ಯಾಗ್ ಕಿತ್ತುಕೊಳ್ಳಲು ಬಗ್ಗಿದ. ಬಿದ್ದಲ್ಲಿಂದಲೇ ಹಿಮ್ಮಡಿಯಿಂದ ಅವನ ಮಂಡಿಯ ಕೆಳಗಿನ ಮೂಳೆಗೆ ಒದ್ದೆ. ಒಂದಲ್ಲ, ಮೂರ್ನಾಲ್ಕು ಸಲ. ಕಾಲು ಹಿಡಿದುಕೊಂಡು ಹಿಂದೆ ಸರಿದ, ಬೈಯುತ್ತಾ ಕುಂಟುತ್ತಾ ಕತ್ತಲಲ್ಲಿ ಹೋದ. ಬ್ಯಾಗ್ ಉಳಿಯಿತು. ನನ್ನ ಮೊಣಕೈ ತರಚಿತ್ತು, ಕೈಕಾಲು ನಡುಗುತ್ತಿದ್ದವು.

ಆ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆ ಇತ್ತು, ಆದರೆ ಅದಕ್ಕಿಂತ ಜಾಸ್ತಿ ಸಿಟ್ಟಿತ್ತು. ಹದಿನಾಲ್ಕು ವರ್ಷ ತಿದ್ದಿ ತೀಡಿದ ಒದೆ ನನ್ನನ್ನು ಬೀಳಿಸಿತು. ಯಾರೂ ಹೇಳಿಕೊಡದ ಒದೆ ನನ್ನನ್ನು ಉಳಿಸಿತು. ಯಾಕೆ?

ಉತ್ತರ ಪಂದ್ಯದ ನಿಯಮದಲ್ಲೇ ಇದೆ. ಟೇಕ್ವಾಂಡೋದಲ್ಲಿ ಸೊಂಟದ ಕೆಳಗೆ ಒದ್ದರೆ ದಂಡ. ಟೋಕಿಯೋ ಒಲಿಂಪಿಕ್ಸ್‌ನ ನಿಯಮದಂತೆ ಎದೆ-ಹೊಟ್ಟೆಯ ಗಾರ್ಡಿಗೆ ಒದ್ದರೆ 2 ಪಾಯಿಂಟ್, ತಲೆಗೆ ಒದ್ದರೆ 3, ಸುತ್ತು ತಿರುಗಿ ತಲೆಗೆ ಒದ್ದರೆ 5. ಅದೇ ಒಲಿಂಪಿಕ್ಸ್‌ನ ಕರಾಟೆಯಲ್ಲೂ ತಲೆಗೆ ಬಿದ್ದ ಒದೆಗೇ ಹೆಚ್ಚು ಅಂಕ. ಹೀಗಿರುವಾಗ ಮಕ್ಕಳು ಎತ್ತರಕ್ಕೆ ಒದೆಯೋದನ್ನೇ ಕಲಿಯುತ್ತಾರೆ, ಅಲ್ವಾ? ಅದು ತಪ್ಪಲ್ಲ. ಆ ಆಟವನ್ನು ನಾನು ಇವತ್ತಿಗೂ ಪ್ರೀತಿಸುತ್ತೇನೆ. ಆದರೆ ಅದು ಸಮತಟ್ಟಾದ ಮ್ಯಾಟ್ ಮೇಲೆ, ಬರಿಗಾಲಲ್ಲಿ, ಸಡಿಲವಾದ ಬಟ್ಟೆಯಲ್ಲಿ, ರೆಫರಿ ಮುಂದೆ ಆಡುವ ಆಟ. ನಮ್ಮ ಬೀದಿಯಲ್ಲಿ ಇದ್ಯಾವುದೂ ಇಲ್ಲ.

ಆಮೇಲೆ ಬೇರೆ ಕಲೆಗಳನ್ನು ನೋಡಲು ಶುರುಮಾಡಿದೆ. ಕರಾಟೆ ಹುಟ್ಟಿದ ಜಪಾನಿನ ಒಕಿನಾವಾದ ಹಳೆಯ ಕಟಾಗಳಲ್ಲಿ, ಅಂದರೆ ಕ್ರಮವಾಗಿ ಜೋಡಿಸಿದ ಅಭ್ಯಾಸದ ವರಸೆಗಳಲ್ಲಿ, ಒದೆಗಳು ಹೆಚ್ಚಾಗಿ ಕೆಳಗೇ ಇವೆ. ಥಾಯ್ ಬಾಕ್ಸಿಂಗ್‌ನಲ್ಲಿ ‘ತೀಪ್’ ಅನ್ನುವ ತಳ್ಳುವ ಒದೆ ಇದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಫ್ರಾನ್ಸಿನ ಸವಾತ್. ಅದು ಶೂ ಹಾಕಿಕೊಂಡೇ ಆಡುವ ಕಲೆ. ಅದರಲ್ಲಿ ‘ಕೂ ದ ಪಿಯೆ ಬಾ’ ಅಂತ ಒಂದು ಒದೆ: ಮೈಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಶೂವಿನ ಒಳ ಅಂಚಿನಿಂದ ಎದುರಿನವನ ಮಂಡಿಯ ಕೆಳಗಿನ ಮೂಳೆಗೆ ಬೀಸುವುದು. ಕಾಲು ನೆಲದಿಂದ ಹೆಚ್ಚು ಮೇಲೆ ಏಳುವುದೇ ಇಲ್ಲ. ಮೊದಲ ಸಲ ನೋಡಿದಾಗ, ಆ ರಾತ್ರಿ ನಾನು ಕೆಸರಲ್ಲಿ ಬಿದ್ದುಕೊಂಡು ಮಾಡಿದ್ದನ್ನು ಇವರು ನಿಂತುಕೊಂಡು ಮಾಡುತ್ತಿದ್ದಾರೆ ಅನ್ನಿಸಿತು.

ಈಗ ಯಾವ ಒದೆ ನೋಡಿದರೂ ನನ್ನದು ಒಂದೇ ಪ್ರಶ್ನೆ. ಒದ್ದ ಮೇಲೆ ನನ್ನ ಕಾಲು ಎಲ್ಲಿ ಇಳಿಯುತ್ತದೆ? ಗುರಿ ತಪ್ಪಿದರೂ ನಾನು ನಿಂತಿರುತ್ತೇನಾ? ತಲೆಯ ಎತ್ತರದ ಒದೆ ತಪ್ಪಿದರೆ ನಿಮ್ಮ ಮೈ ತಿರುಗಿಹೋಗಿರುತ್ತದೆ, ಬೆನ್ನು ಎದುರಿನವನ ಕಡೆಗೆ ಇರುತ್ತದೆ. ಇಲ್ಲವೇ ಕಾಲು ಅವನ ಕೈಗೆ ಸಿಕ್ಕಿರುತ್ತದೆ. ಮಂಡಿಯಿಂದ ಕೆಳಗಿನ ಒದೆ ತಪ್ಪಿದರೆ? ಕಾಲು ನೆಲಕ್ಕೆ ಬರುತ್ತದೆ, ಅಷ್ಟೇ. ಅದನ್ನು ಕೈಯಲ್ಲಿ ಹಿಡಿಯಬೇಕಾದರೆ ಅವನು ಬಗ್ಗಬೇಕು.

ಹಾಗಾಗಿ ನನ್ನ ಭಾನುವಾರದ ಆತ್ಮರಕ್ಷಣೆಯ ಕ್ಲಾಸಿನಲ್ಲಿ ಮೊದಲು ಕಲಿಸುವುದು ತಳ್ಳುವ ಒದೆ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಕಾಲನ್ನು ನೆಲದಿಂದ ನೇರವಾಗಿ ಬೀಸುವುದು. ಹಾಗೆ ಬೀಸಿದರೆ ಅದು ಫುಟ್‌ಬಾಲ್ ಒದ್ದಂತೆ ಆಗುತ್ತದೆ, ಎದುರಿನವನಿಗೆ ಮೊದಲೇ ಗೊತ್ತಾಗುತ್ತದೆ. ಮೊದಲು ಮಂಡಿ ಮಡಿಸಿ ಮೇಲೆತ್ತಬೇಕು. ಆಮೇಲೆ ಅಂಗಾಲನ್ನು ಅವನ ಕಿಬ್ಬೊಟ್ಟೆಗೋ ತೊಡೆಯ ಬುಡಕ್ಕೋ ಇಟ್ಟು, ಸೊಂಟವನ್ನು ಮುಂದಕ್ಕೆ ನೂಕಬೇಕು. ಜಾಮ್ ಆದ ಬಾಗಿಲನ್ನು ಕಾಲಿನಿಂದ ತಳ್ಳುತ್ತೀರಲ್ಲ, ಹಾಗೆ. ನೋವು ಮಾಡುವುದು ಇದರ ಮುಖ್ಯ ಕೆಲಸವಲ್ಲ. ಅವನನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸುವುದೇ ಕೆಲಸ. ಆ ಎರಡು ಹೆಜ್ಜೆಯಲ್ಲಿ ನೀವು ತಿರುಗಿ ಓಡಬೇಕು, ಕಿರುಚಬೇಕು. ನಮ್ಮ ಕಾಲು ಸಾಮಾನ್ಯವಾಗಿ ಅವನ ಕೈಗಿಂತ ಉದ್ದ. ಅವನ ಕೈ ನಮ್ಮನ್ನು ಮುಟ್ಟುವ ಮೊದಲೇ ಕಾಲು ಅವನನ್ನು ಮುಟ್ಟುತ್ತದೆ.

ಅವನು ಆಗಲೇ ಕೈ ಹಿಡಿದುಬಿಟ್ಟಿದ್ದರೆ ತಳ್ಳುವ ಒದೆಗೆ ಜಾಗ ಇರುವುದಿಲ್ಲ. ಆಗ ಮೂಳೆಗೆ ಒದೆ, ಪಾದಕ್ಕೆ ತುಳಿತ. ಮಂಡಿಯ ಕೆಳಗೆ ಮುಂಭಾಗದ ಮೂಳೆಯ ಮೇಲೆ ಮಾಂಸ ಇಲ್ಲ, ಚರ್ಮದ ಕೆಳಗೇ ಮೂಳೆ. ಮಂಚದ ಕಾಲಿಗೆ ತಗುಲಿಸಿಕೊಂಡವರಿಗೆ ಆ ನೋವು ಗೊತ್ತು. ಶೂ ಇದ್ದರೆ ಅದರ ಅಂಚು, ಚಪ್ಪಲಿ ಇದ್ದರೆ ಹಿಮ್ಮಡಿ. ಚಪ್ಪಲಿ ಹಾಕಿಕೊಂಡು ಬೆರಳಿನಿಂದ ಒದೆಯಲೇಬೇಡಿ, ನಿಮ್ಮ ಬೆರಳೇ ಮುರಿಯುತ್ತದೆ. ಒದ್ದ ಕಾಲನ್ನು ಹಾಗೇ ಮೂಳೆಯ ಮೇಲೆ ಕೆಳಗೆ ಜಾರಿಸಿ ಅವನ ಪಾದದ ಮೇಲೆ ಊರಿ ತುಳಿಯಿರಿ. ಹಿಂದಿನಿಂದ ತಬ್ಬಿ ಹಿಡಿದರೂ ಇದು ಆಗುತ್ತದೆ.

ಎರಡು ತೊಡೆಗಳ ನಡುವಿನ ಜಾಗಕ್ಕೆ ಒದ್ದುಬಿಡಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನಾನು ಅದನ್ನು ಮೊದಲ ಆಯ್ಕೆ ಅನ್ನುವುದಿಲ್ಲ. ಗಂಡಸರಿಗೆ ಆ ಜಾಗ ಕಾಪಾಡಿಕೊಳ್ಳುವುದು ಚಿಕ್ಕಂದಿನಿಂದ ಅಭ್ಯಾಸ. ಕಾಲು ಏಳುವುದು ಕಂಡರೆ ಸಾಕು, ತೊಡೆ ಮುಚ್ಚಿಕೊಳ್ಳುತ್ತದೆ, ಕೈ ಕೆಳಗೆ ಬರುತ್ತದೆ. ತೀರಾ ಹತ್ತಿರ ಇದ್ದಾಗ, ಅವನ ಭುಜವನ್ನೋ ಅಂಗಿಯನ್ನೋ ಹಿಡಿದುಕೊಂಡು ಮಂಡಿಯಿಂದ ಗುದ್ದಿದರೆ ಸರಿ. ಗುದ್ದಿದ ತಕ್ಷಣ ಅವನು ಕುಸಿಯುತ್ತಾನೆ ಅಂತ ಕಾಯುತ್ತಾ ನಿಲ್ಲಬೇಡಿ.

ತೊಡೆಯ ಹೊರಬದಿಗೆ ಬೀಸುವ ಲೋ ಕಿಕ್ ಬಗ್ಗೆ ಹುಡುಗರು ತುಂಬಾ ಕೇಳುತ್ತಾರೆ. ಒಳ್ಳೆಯ ಒದೆ, ಆದರೆ ಅದರಲ್ಲಿ ತಾಗಬೇಕಾದ್ದು ನಿಮ್ಮ ಮಂಡಿ ಕೆಳಗಿನ ಮೂಳೆ. ವರ್ಷಗಟ್ಟಲೆ ಪಂಚಿಂಗ್ ಬ್ಯಾಗಿಗೆ ಹೊಡೆದು ಅದು ಗಟ್ಟಿಯಾಗಿರಬೇಕು. 2013ರ ಡಿಸೆಂಬರ್‌ನಲ್ಲಿ, ಎಲ್ಲ ಸಮರಕಲೆಗಳೂ ಬೆರೆಯುವ ಎಂಎಂಎ ಪಂದ್ಯವೊಂದರಲ್ಲಿ, ಆಂಡರ್ಸನ್ ಸಿಲ್ವಾ ಅಂಥ ಹೆಸರಾಂತ ಆಟಗಾರ ಬೀಸಿದ ಲೋ ಕಿಕ್ಕನ್ನು ಎದುರಾಳಿ ಕ್ರಿಸ್ ವೈಡ್‌ಮನ್ ಮಂಡಿ ಎತ್ತಿ ತಡೆದ. ಮುರಿದದ್ದು ಸಿಲ್ವಾನ ಕಾಲೇ. ವಾರಕ್ಕೊಂದು ದಿನ ಬರುವವರಿಗೆ ನಾನು ಅದನ್ನು ಕಲಿಸುವುದಿಲ್ಲ.

ಬಿದ್ದ ಮೇಲಿನ ಒದೆಗೆ ನಾನು ಅರ್ಧ ಕ್ಲಾಸ್ ಕೊಡುತ್ತೇನೆ. ಕಾರಣ ನಿಮಗೆ ಗೊತ್ತೇ ಇದೆ. ಬಿದ್ದರೆ ಮೊದಲು ಗದ್ದ ಎದೆಗೆ ತಾಗಿಸಿ, ತಲೆ ನೆಲಕ್ಕೆ ಬಡಿಯಬಾರದು. ಪಾದಗಳು ಅವನ ಕಡೆ ಇರಬೇಕು. ಅವನು ಸುತ್ತ ಬಂದರೆ ನೀವೂ ಬೆನ್ನಿನ ಮೇಲೆ, ಸೊಂಟದ ಮೇಲೆ ತಿರುಗಿ. ಒಂದು ಕಾಲು ಮಡಿಸಿ ಕಾವಲಿಗೆ, ಇನ್ನೊಂದರಲ್ಲಿ ಒದೆ. ಅವನು ದೂರ ಸರಿದ ಕ್ಷಣ, ಒಂದು ಕೈ ಹಿಂದೆ ಊರಿ ಏಳಬೇಕು. ಅವನತ್ತ ಬೆನ್ನು ತಿರುಗಿಸಿ ಏಳಬಾರದು. ಇದನ್ನು ಹುಲ್ಲಿನ ಮೇಲೆ ನೂರು ಸಲ ಮಾಡಿದರೆ ಮೈಗೆ ಬರುತ್ತದೆ.

ಒಂದು ಮಾತು ಎಚ್ಚರಿಕೆಯಿಂದ ಹೇಳಬೇಕು. ಮಂಡಿಯ ಕೀಲಿಗೆ ನೇರವಾಗಿ ಬಿದ್ದ ಒದೆ ಒಬ್ಬನನ್ನು ಜನ್ಮಪೂರ್ತಿ ಕುಂಟನನ್ನಾಗಿ ಮಾಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ನೇ ಸೆಕ್ಷನ್‌ನಿಂದ ಆತ್ಮರಕ್ಷಣೆಯ ಹಕ್ಕಿನ ಮಾತಿದೆ. ಹಕ್ಕು ನಮಗೆ ಇದೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಜೀವಕ್ಕೆ ಅಪಾಯ, ಅತ್ಯಾಚಾರದ ಯತ್ನ, ಆಸಿಡ್ ದಾಳಿ ಇಂಥವಕ್ಕೆ ಕಾನೂನು ತುಂಬಾ ದೂರದವರೆಗೆ ನಮ್ಮ ಜೊತೆ ನಿಲ್ಲುತ್ತದೆ. ಅವನು ಓಡುತ್ತಿರುವಾಗ ಅಟ್ಟಿಸಿಕೊಂಡು ಹೋಗಿ ಒದ್ದರೆ ಅದು ರಕ್ಷಣೆ ಅಲ್ಲ. ಬ್ಯಾಗ್ ಮಾತ್ರ ಬೇಕೆಂದು ಚಾಕು ತೋರಿಸಿದರೆ ಬ್ಯಾಗ್ ಎಸೆದು ಎದುರು ದಿಕ್ಕಿಗೆ ಓಡಿ. ಸುರಕ್ಷಿತ ಜಾಗ ಸಿಕ್ಕಮೇಲೆ 112ಕ್ಕೆ ಫೋನ್ ಮಾಡಿ.

ಕ್ಲಾಸಿಗೆ ಬರುವವರಿಗೆ ಯೂನಿಫಾರಂ ಇಲ್ಲ. ರಾತ್ರಿ ಮನೆಗೆ ಹೋಗುವಾಗ ಏನು ಹಾಕಿರುತ್ತೀರೋ ಅದರಲ್ಲೇ ಬನ್ನಿ ಅಂತೇನೆ. ಲೆಗ್ಗಿಂಗ್ಸ್, ಜೀನ್ಸ್, ಸೀರೆ, ಬುರ್ಖಾ, ಆಸ್ಪತ್ರೆ ಡ್ಯೂಟಿಯ ಬಿಳಿ ಶೂ. ಹೋದ ತಿಂಗಳು ಹೂ ಕಟ್ಟಿ ಮಾರುವ ಒಬ್ಬರು ಸೇರಿದರು. ಐವತ್ತೆರಡು ವರ್ಷ. ಮೊದಲ ದಿನ ಮೂಲೆಯಲ್ಲಿ ನಿಂತು, ‘ಮಿಸ್, ನನ್ ಕಾಲು ಸೊಂಟದ ತನ್ಕಾನೂ ಏಳಲ್ಲ, ಸುಮ್ನೆ ನೋಡ್ತೀನಿ’ ಅಂದರು.

‘ಏಳೋದೇ ಬೇಡ ಅಕ್ಕ. ಮಂಡಿ ತನಕ ಬಂದ್ರೆ ಸಾಕು’ ಅಂದೆ.

ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಒಂದು ಹಿಡಿ ಎತ್ತಿ ಹಿಡಿಯುವುದನ್ನು ಅವರೇ ಕಂಡುಕೊಂಡರು. ನನಗೆ ಅದು ಹೊಳೆದಿರಲಿಲ್ಲ, ಈಗ ಸೀರೆಯವರಿಗೆಲ್ಲ ಅದನ್ನೇ ಕಲಿಸುತ್ತೇನೆ. ಮೊನ್ನೆ ಭಾನುವಾರ ಸಣ್ಣ ಮಳೆ ಬರುತ್ತಿತ್ತು. ನಾನು ದಪ್ಪ ಪ್ಯಾಡ್ ಹಿಡಿದು ಎದುರು ನಿಂತು ಅವರ ಕೈ ಹಿಡಿದುಕೊಂಡೆ. ಅವರು ಹಿಮ್ಮಡಿಯಿಂದ ನನ್ನ ಕಾಲಿನ ಗಾರ್ಡಿಗೆ ಒಂದು ಒದೆ ಕೊಟ್ಟರು, ನನ್ನ ಹಿಡಿತ ಸಡಿಲವಾಯಿತು. ಮಂಡಿ ಎತ್ತಿ ಪ್ಯಾಡಿಗೆ ಅಂಗಾಲಿಟ್ಟು ತಳ್ಳಿದರು. ನಾನು ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಹೋದೆ. ಸರಿಯಾಗಿ ನಿಂತು ನೋಡುವಷ್ಟರಲ್ಲಿ ಅವರ ಚಪ್ಪಲಿ ಎರಡೂ ಒದ್ದೆ ಹುಲ್ಲಿನ ಮೇಲೆ ಬಿದ್ದಿದ್ದವು, ಅವರು ಜೋರಾಗಿ ಕೂಗುತ್ತಾ ಶಾಲೆಯ ಗೇಟ್ ದಾಟಿ ರಸ್ತೆಯ ಬೆಳಕಿನಲ್ಲಿ ನಿಂತಿದ್ದರು.