ಅರ್ಧ ಅಡಿ ನೀರಿನ ಜಗಳ

ಇಂಗ್ಲೆಂಡಿನ ಕೊವೆಂಟ್ರಿ ಕಾಲುವೆ, ಆಕ್ಸ್‌ಫರ್ಡ್ ಕಾಲುವೆ ಕೂಡೋ ಹಾಕ್ಸ್‌ಬರಿ ಜಂಕ್ಷನ್ ನೋಡ್ಕೊಂಡು ಬಂದ್ವಿ. ಅಲ್ಲಿರೋ ಲಾಕ್ (ನೀರಿನ ಮಟ್ಟ ಬದಲಿಸೋ ಗೇಟಿನ ತೊಟ್ಟಿ) ದೋಣಿನ ಏರಿಸೋದು, ಇಳಿಸೋದು ಹೆಚ್ಚುಕಮ್ಮಿ ಅರ್ಧ ಅಡಿ ಅಷ್ಟೇ! ಅಷ್ಟಕ್ಕೆ ಎರಡೂ ಕಡೆ ಗೇಟು, ಅದನ್ನ ಬೆನ್ನು ಕೊಟ್ಟು ತಳ್ಳೋಕೆ ದಪ್ಪ ತೊಲೆ. ಯಾಕಂದ್ರೆ ಆಗ ಎರಡೂ ಕಾಲುವೆ ಬೇರೆ ಬೇರೆ ಕಂಪನಿಯವು, ನಮ್ಮ ನೀರು ಅವರ ಪಾಲಾಗಬಾರದು ಅಂತ. ಸುಂಕದ ಜಗಳದಿಂದಾಗಿ ಮೊದಮೊದಲು ಎರಡು ಕಾಲುವೆಗಳೂ ಸುಮಾರು ಒಂದು ಮೈಲಿ ದೂರ ಅಕ್ಕಪಕ್ಕದಲ್ಲೇ ಇದ್ವಂತೆ, ಇಲ್ಲಿ ಕೂಡಿದ್ದು 1803ರಲ್ಲಿ. ಕಂಪನಿಗಳು ಹೋಗಿ ಎಷ್ಟೋ ಕಾಲ ಆಯ್ತು, ಅವರ ಅನುಮಾನಕ್ಕೆ ದೋಣಿಯವರು ಇವತ್ತೂ ಗೇಟು ತಳ್ತಿದ್ದಾರೆ.

ಕಾಲುವೆ ಬದಲಿಸ್ಬೇಕಂದ್ರೆ 1837ರ ಕಬ್ಬಿಣದ ಸೇತುವೆ ಕೆಳಗೆ ಪೂರ್ತಿ ಯೂ-ಟರ್ನ್. 70 ಅಡಿ ಉದ್ದದ ದೋಣಿ ತಿರುಗಿಸೋವಾಗ ಪಕ್ಕದ ಗ್ರೇಹೌಂಡ್ ಪಬ್ ಮುಂದೆ ಗ್ಲಾಸ್ ಹಿಡಿದು ಕೂತವರೆಲ್ಲ ಪರೀಕ್ಷಕರು! (ನಾನೂ ಮಾರ್ಕ್ಸ್ ಹಾಕಿದೆ, ದೋಣಿ ಓಡಿಸೋಕೆ ಬರದಿದ್ರೂ.)

ನನಗಂತೂ ಇಷ್ಟ ಆಗಿದ್ದು ದೋಣಿಯವರ ನಲ್ಲಿ. ಟ್ಯಾಂಕ್ ತುಂಬೋಕೆ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಕಸ ಹಾಕಿ, ಟಾಯ್ಲೆಟ್ ಡಬ್ಬ ಖಾಲಿ ಮಾಡಿ, ಹಿಂದಿನ ದೋಣಿಯವರ ಜೊತೆ ಹರಟೆ. ನಮ್ಮೂರ ಬೀದಿ ನಲ್ಲಿಯ ಮುಂದಿನ ಸುದ್ದಿಗೋಷ್ಠಿ ಥರಾನೇ, ಬಿಂದಿಗೆ ಬದಲು ಪೈಪು ಅಷ್ಟೇ.