ಅಜ್ಜನ ಮಳೆ ಪುಸ್ತಕವೂ ಅಂಟಾರ್ಕ್ಟಿಕಾದ ಹಿಮವೂ

ಸಕಲೇಶಪುರದ ಬಳಿಯ ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ ಮಳೆ ಲೆಕ್ಕದ ಪುಸ್ತಕಗಳಿವೆ. ಕಾಫಿ ಬೆಳೆಯುವ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆದ ಮೇಲೆಯೇ ಅಜ್ಜ ಕಾಫಿ ಕುಡಿಯುತ್ತಿದ್ದರು. ಹೂಮಳೆ ಯಾವ ತಾರೀಖಿಗೆ ಬಂತು, ಪುಷ್ಯ ಮಳೆ ಎಷ್ಟು ದಿನ ಹಿಡಿಯಿತು ಎಂಬುದೆಲ್ಲ 1955ರಿಂದ ಅವರ ಕೈಬರಹದಲ್ಲಿದೆ. ಈ ವರ್ಷ ಪೆಟ್ಟಿಗೆ ತೆರೆದಾಗ ನಡುವಿನ ಮೂರು ವರ್ಷಗಳ ಪುಟಗಳನ್ನು ಗೆದ್ದಲು ಮುಗಿಸಿತ್ತು. ಆ ಮಳೆಯಂತೂ ಬಿದ್ದ ವಾರದೊಳಗೇ ಹಳ್ಳ ಸೇರಿ, ಹೇಮಾವತಿ ಸೇರಿ ಹೋಗಿತ್ತು. ಈಗ ಅದರ ಲೆಕ್ಕವೂ ಹೋಯಿತು.

ಅದೇ ಬೇಸರದ ದಿನಗಳಲ್ಲಿ ಅಂಟಾರ್ಕ್ಟಿಕಾದ ಬಗ್ಗೆ ಓದುತ್ತಿದ್ದುದರಿಂದಲೋ ಏನೋ, ಆ ಖಂಡ ನನಗೆ ಒಂದು ದೊಡ್ಡ ಮಳೆ ಪುಸ್ತಕದಂತೆಯೇ ಕಾಣತೊಡಗಿತು. ಸುಮಾರು 1.4 ಕೋಟಿ ಚದರ ಕಿಲೋಮೀಟರ್ ವಿಸ್ತಾರದ, ಅಂದರೆ ಭಾರತದ ನಾಲ್ಕು ಪಟ್ಟಿಗಿಂತ ದೊಡ್ಡದಾದ ಈ ನೆಲದಲ್ಲಿ ಶೇಕಡಾ 98 ಭಾಗ ಮಂಜುಗಡ್ಡೆಯಡಿ ಹೂತುಹೋಗಿದೆ. ಪೂರ್ವ ಭಾಗದ ಎತ್ತರದ ಬಯಲಿನಲ್ಲಿ ಡೋಮ್ ಸಿ ಎಂಬ ಜಾಗವಿದ್ದು, ಅದು ಸಮುದ್ರಮಟ್ಟದಿಂದ 3,233 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಅದರ ಮೂರನೇ ಎರಡು ಪಾಲಿನಷ್ಟು ಎತ್ತರದ ಇನ್ನೊಂದು ಬೆಟ್ಟವನ್ನು ಇಟ್ಟ ಹಾಗೆ. ಆದರೆ ಅಲ್ಲಿ ಕೊರೆಯುತ್ತ ಹೋದರೆ ಬಂಡೆ ಸಿಗುವುದು ಹೆಚ್ಚುಕಡಿಮೆ ಸಮುದ್ರಮಟ್ಟಕ್ಕೆ ಇಳಿದ ಮೇಲೆ. ಅಷ್ಟೂ ಎತ್ತರ ಹಿಮದ್ದೇ.

ಇಷ್ಟು ಹಿಮ ಸೇರಬೇಕಾದರೆ ಅಲ್ಲಿ ನಮ್ಮ ಆಷಾಢದಂತೆ ಎಡೆಬಿಡದೆ ಸುರಿಯುತ್ತಿರಬೇಕು ಎಂದು ನಾನು ಊಹಿಸಿದ್ದೆ. ವಾಸ್ತವವಾಗಿ ಡೋಮ್ ಸಿಯಲ್ಲಿ ಇಡೀ ವರ್ಷ ನಿಲ್ಲುವ ಹಿಮವನ್ನು ಕರಗಿಸಿದರೆ ಸುಮಾರು ಒಂದು ಇಂಚು ನೀರಾಗುತ್ತದೆ. ನಮ್ಮಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನಕ್ಕೆ ಅಷ್ಟು ಬಿದ್ದರೆ ಯಾರೂ ಅದನ್ನು ಮಾತಿಗೆ ಎತ್ತಿಕೊಳ್ಳುವುದಿಲ್ಲ. ಹೀಗಾಗಿ ಭೂಮಿಯ ಸಿಹಿನೀರಿನ ಬಹುಪಾಲನ್ನು ಹೊತ್ತಿರುವ ಖಂಡದ ಒಳನಾಡು ಮಳೆಯ ಲೆಕ್ಕದಲ್ಲಿ ಮರುಭೂಮಿ. ಸರಾಸರಿ ಉಷ್ಣತೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿರುವ ಆ ನೆಲದಲ್ಲಿ ಬಿದ್ದದ್ದು ಕರಗುವುದಿಲ್ಲ, ಹರಿಯುವುದಿಲ್ಲ. ಒಂದರ ಮೇಲೊಂದು ಕೂರುತ್ತದೆ. ಬಡವನ ಉಳಿತಾಯವೆಂದರೆ ಇದೇ ಎನಿಸಿತು.

ಆ ಹಿಮವನ್ನು ಅಳೆಯುವುದು ಮಾತ್ರ ನಮ್ಮ ಮಾಪಕದಷ್ಟು ಸುಲಭವಲ್ಲ. ಒಳನಾಡಿನ ತಣ್ಣನೆಯ ಭಾರದ ಗಾಳಿ ಇಳಿಜಾರಿನಲ್ಲಿ ಕರಾವಳಿಯತ್ತ ಜಾರುತ್ತ ಬಿರುಗಾಳಿಯಾಗುವುದರಿಂದ, ಡಬ್ಬಿಯೊಳಗೆ ಬಿದ್ದದ್ದು ಆಕಾಶದ್ದೋ ನೆಲದಿಂದ ಎದ್ದದ್ದೋ ಹೇಳಲಾಗುವುದಿಲ್ಲ. ಆದ್ದರಿಂದ ಹಿಮದಲ್ಲಿ ಕಂಬಗಳನ್ನು ನೆಟ್ಟು, ಮುಂದಿನ ಭೇಟಿಯಲ್ಲಿ ಎಷ್ಟು ಮುಳುಗಿದೆಯೆಂದು ಅಳೆಯುತ್ತಾರೆ. ಆ ಕಂಬಗಳು ಎಷ್ಟೋ ಕಡೆ ಬಿದಿರಿನವೇ ಎಂದು ತಿಳಿದಾಗ ನಮ್ಮ ತೋಟದ ಬಿದಿರು ಮೆಳೆಯ ಮೇಲೆ ಗೌರವ ಹೆಚ್ಚಿತು.

ಹಳೆಯ ಲೆಕ್ಕ ಬೇಕಾದರೆ ಕೊರೆಯಬೇಕು. ಹೊಸ ಹಿಮದ ಹರಳುಗಳ ನಡುವಿನ ಗಾಳಿ, ಮೇಲಿನ ಭಾರಕ್ಕೆ ಹಿಮವು ಗಟ್ಟಿಯಾದಂತೆ ಗುಳ್ಳೆಗಳಾಗಿ ಒಳಗೇ ಸಿಕ್ಕಿಬೀಳುತ್ತದೆ. ಡೋಮ್ ಸಿಯಲ್ಲಿ ಯುರೋಪಿನ ವಿಜ್ಞಾನಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯ ದಿಂಡಿನಲ್ಲಿ 8 ಲಕ್ಷ ವರ್ಷಗಳ ಗಾಳಿಯಿತ್ತು. ಅಷ್ಟೂ ಕಾಲ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 300 ಭಾಗವನ್ನು ದಾಟಿರಲಿಲ್ಲ, ಈಗ ಅದು 420ನ್ನು ದಾಟಿದೆ. 2025ರ ಜನವರಿಯಲ್ಲಿ ಅಲ್ಲಿಯೇ ಸಮೀಪದ ಇನ್ನೊಂದು ಜಾಗದಲ್ಲಿ 2,800 ಮೀಟರ್ ಕೊರೆದು, ಕನಿಷ್ಠ 12 ಲಕ್ಷ ವರ್ಷ ಹಳೆಯ ಮಂಜುಗಡ್ಡೆಯನ್ನು ಮುಟ್ಟಿದರು. ಒಳನಾಡಿನಲ್ಲಿ ಬೀಳುವುದು ತೀರ ಕಡಿಮೆಯಾದ್ದರಿಂದ ಅಜ್ಜನ ಪುಸ್ತಕದಂತೆ ವರ್ಷಕ್ಕೊಂದು ಸಾಲನ್ನು ಅಲ್ಲಿ ಬಿಡಿಸಿ ಓದಲಾಗುವುದಿಲ್ಲ. ಆದರೆ ಬೀಳುವುದು ಕಡಿಮೆಯೆಂಬ ಕಾರಣಕ್ಕೇ ಅಷ್ಟು ಹಿಂದಿನ ಕಾಲದವರೆಗೆ ಪುಟಗಳು ಉಳಿದಿವೆ.

ಜೀವಿಗಳೆಲ್ಲ ಈ ಪುಸ್ತಕದ ಅಂಚಿನಲ್ಲಿವೆ, ಏಕೆಂದರೆ ಊಟವಿರುವುದು ಕಡಲಿನಲ್ಲಿ. ಬೆರಳುದ್ದದ ಸಿಗಡಿಯಂಥ ಕ್ರಿಲ್ ಅನ್ನು ನಂಬಿ ತಿಮಿಂಗಿಲ, ಸೀಲ್, ಪೆಂಗ್ವಿನ್‌ಗಳು ಬದುಕುತ್ತವೆ. ಎಂಪರರ್ ಪೆಂಗ್ವಿನ್ನಿನ ಗಂಡು ಚಳಿಗಾಲದ ನಡುವೆ, ಕಡಲ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ನಿಂತು, ಪಾದದ ಮೇಲಿಟ್ಟ ಒಂದೇ ಮೊಟ್ಟೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸವಿದ್ದು ಕಾವು ಕೊಡುತ್ತದೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಬಳಿ ಆ ಮಂಜುಗಡ್ಡೆ ಅವಧಿಗೆ ಮುನ್ನವೇ ಒಡೆದು, ಐದು ನೆಲೆಗಳಲ್ಲಿ ನಾಲ್ಕರ ಮರಿಗಳು ಒಂದೂ ಉಳಿಯಲಿಲ್ಲವೆಂದು ತಿಳಿದದ್ದು ಉಪಗ್ರಹದ ಚಿತ್ರಗಳಿಂದ. ಬೆಳ್ಳಗಿನ ಸ್ನೋ ಪೆಟ್ರೆಲ್ ಹಕ್ಕಿಯ ಕಥೆ ಬೇರೆ. ಅದು ಕಡಲಿನಲ್ಲಿ ಉಂಡು, ನೂರಾರು ಕಿಲೋಮೀಟರ್ ಒಳಗೆ ಹಿಮದಿಂದ ಮೇಲೆದ್ದ ಬಂಡೆಗಳ ಸಂದಿಗೆ ಹಾರಿ ಗೂಡು ಮಾಡುತ್ತದೆ. ಶತ್ರು ಬಂದರೆ ಹೊಟ್ಟೆಯ ಎಣ್ಣೆಯನ್ನು ಉಗುಳುತ್ತದೆ. ಆ ಎಣ್ಣೆ ಗೂಡಿನ ಬಾಯಲ್ಲಿ ಸಾವಿರಾರು ವರ್ಷ ಪದರಪದರವಾಗಿ ಮೆತ್ತಿಕೊಂಡಿದ್ದು, ಹಳೆಯ ಕಡಲಿನ ಸ್ಥಿತಿಯನ್ನು ವಿಜ್ಞಾನಿಗಳು ಅದರಿಂದಲೂ ಓದುತ್ತಾರೆ. ಅಲ್ಲಿ ಹಕ್ಕಿಗಳೂ ಲೆಕ್ಕ ಇಟ್ಟಿವೆ.

ಮನುಷ್ಯರಿಗೆ ಆ ಹಿಮ ಅಷ್ಟಾಗಿ ಒಗ್ಗಿಲ್ಲ. 1983ರ ಹೊತ್ತಿಗೆ ಭಾರತ ಕಟ್ಟತೊಡಗಿದ ದಕ್ಷಿಣ ಗಂಗೋತ್ರಿ ಠಾಣೆಯು ಹಿಮದ ಹಾಸಿನ ಮೇಲಿದ್ದ ಕಾರಣ ಕೆಲವೇ ವರ್ಷಗಳಲ್ಲಿ ಹೂತುಹೋಗಿ, 1990ರಲ್ಲಿ ಅದನ್ನು ಬಿಡಬೇಕಾಯಿತು. ಅದರ ನಂತರದ ಮೈತ್ರಿಯನ್ನು ಶಿರ್ಮಾಕರ್ ಎಂಬ ಬಂಡೆನೆಲದಲ್ಲಿ, ಪ್ರಿಯದರ್ಶಿನಿ ಕೊಳದ ಬಳಿ ಕಟ್ಟಿದರು. 2012ರ ಭಾರತಿ ಠಾಣೆಯಿರುವ ಬಂಡೆಗಳಿಗೂ ನಮ್ಮ ಪೂರ್ವಘಟ್ಟದ ಬಂಡೆಗಳಿಗೂ ಎರಡೂ ನೆಲಗಳು ಒಂದೇ ಮಹಾಖಂಡವಾಗಿದ್ದ ಗೊಂಡ್ವಾನಾ ಕಾಲದ ಹಳೆಯ ನಂಟಿದೆ. ಈ ಠಾಣೆಗಳಿಗೆ ಹೋಗುವವರಲ್ಲಿ ನಮ್ಮ ಹವಾಮಾನ ಇಲಾಖೆಯವರೂ ಇರುತ್ತಾರೆ. ತಿಂಗಳುಗಟ್ಟಲೆ ಹಡಗೂ ವಿಮಾನವೂ ಬಾರದ ಚಳಿಗಾಲದಲ್ಲಿ, ಸೂರ್ಯನೇ ಹುಟ್ಟದ ವಾರಗಳಲ್ಲಿ, ಹೊತ್ತಿಗೆ ಸರಿಯಾಗಿ ಉಷ್ಣತೆ ಮತ್ತು ಗಾಳಿಯ ಲೆಕ್ಕ ಬರೆಯುವ ಆ ಜನ ನನಗೆ ಅಜ್ಜನ ಕುಲದವರಂತೆ ಕಾಣುತ್ತಾರೆ.

ನಾರ್ವೆಯ ಅಮುಂಡ್ಸನ್ ಎಲ್ಲರಿಗಿಂತ ಮೊದಲು ದಕ್ಷಿಣ ಧ್ರುವವನ್ನು ತಲುಪಿದ್ದು 1911ರ ಡಿಸೆಂಬರ್ 14ರಂದು. ಆದರೆ ಖಂಡದ ಹಲವು ಕಡೆ ತೆಗೆದ ದಿಂಡುಗಳನ್ನು ಪರೀಕ್ಷಿಸಿದಾಗ, ಕಾರ್ಖಾನೆಗಳ ಸೀಸದ ಮಾಲಿನ್ಯವು 1889ರಲ್ಲೇ ಅಲ್ಲಿಗೆ ತಲುಪಿತ್ತೆಂದು ಗೊತ್ತಾಯಿತು. ಮೂಲ ಹುಡುಕಿದರೆ ಆಸ್ಟ್ರೇಲಿಯಾದ ಅದಿರು ಕರಗಿಸುವ ಕುಲುಮೆಗಳು. ಮನುಷ್ಯನಿಗಿಂತ ಅವನ ಹೊಗೆಯೇ 22 ವರ್ಷ ಮೊದಲು ಧ್ರುವದ ಹಿಮದಲ್ಲಿ ಹೆಸರು ಬರೆಸಿಕೊಂಡಿತ್ತು. ಹಾಗೆಯೇ ಅಣುಬಾಂಬು ಪರೀಕ್ಷೆಗಳ ವಿಕಿರಣದ ಧೂಳು 1955ರ ಆಸುಪಾಸಿನ ಪದರದಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ, ಮೇಲಿನ ಹಿಮದ ವಯಸ್ಸನ್ನು ಎಣಿಸುವವರಿಗೆ ಅದೇ ಮೈಲಿಗಲ್ಲು.

ಅಜ್ಜನ ಮೊದಲ ಪುಸ್ತಕವೂ 1955ರದೇ. ಅದನ್ನು ಮತ್ತೆ ತೆರೆದು ನೋಡಿದೆ. ಆ ಧೂಳು ನಮ್ಮ ಮಳೆಯಲ್ಲೂ ಇಳಿದಿರಬೇಕು. ಪುಸ್ತಕದಲ್ಲಿರುವುದು ಇಂಚು, ಸೆಂಟು, ಅಲ್ಲಲ್ಲಿ ಒಂದು ಕಾಫಿಯ ಕಲೆ.